ಹಳೆಯ ಪಿಕಪ್ಪಿನ ‘ಟಕ್’ ಸದ್ದು: ಸಡಿಲ ಹುಡುಕುವ ಕ್ರಮ

ಹಿಂದಿನ ಚಕ್ರಗಳ ಬಲದಿಂದ ಓಡುವ ಪಿಕಪ್ ವಾಹನದಲ್ಲಿ ಇಂಜಿನ್ನಿನ ಶಕ್ತಿ ಕ್ಲಚ್ಚು, ಗೇರ್‌ಬಾಕ್ಸು, ಪ್ರೊಪೆಲ್ಲರ್ ಶಾಫ್ಟು, ಹಿಂದಿನ ಹೌಸಿಂಗಿನೊಳಗಿನ ಕ್ರೌನ್ ಮತ್ತು ಪಿನಿಯನ್ ಎಂಬ ಹಲ್ಲುಗಾಲಿಗಳ ಜೋಡಿ, ಕೊನೆಗೆ ಎರಡು ಆಕ್ಸಲ್‌ಗಳು, ಹೀಗೆ ಹಲವು ಕೈ ದಾಟಿ ಚಕ್ರವನ್ನು ತಲುಪುತ್ತದೆ. ಈ ಪ್ರತಿಯೊಂದು ಕೂಡಿಕೆಯಲ್ಲೂ ವಾಹನ ಹೊಸದಾಗಿದ್ದಾಗಲೇ ಕೂದಲೆಳೆಯಷ್ಟು ತೆರಪು ಇರಲೇಬೇಕು. ಇಲ್ಲದಿದ್ದರೆ ಹಲ್ಲುಗಳ ನಡುವೆ ಎಣ್ಣೆ ನಿಲ್ಲದೆ ಅವು ಬಿಸಿಯಾಗಿ ಕಚ್ಚಿಕೊಳ್ಳುತ್ತವೆ. ಗ್ಯಾರೇಜಿನ ಮಾತಿನಲ್ಲಿ ‘ಪ್ಲೇ’ ಎನ್ನುವ ಈ ತೆರಪು ವರ್ಷಗಳು ಕಳೆದಂತೆ ಪ್ರತಿ ಕೂಡಿಕೆಯಲ್ಲೂ ಸ್ವಲ್ಪ ಸ್ವಲ್ಪವೇ ಹಿಗ್ಗಿ, ಬಲದ ದಿಕ್ಕು ಬದಲಾಗುವ ಕ್ಷಣದಲ್ಲಿ, ಅಂದರೆ ಕ್ಲಚ್ ಬಿಟ್ಟಾಗ, ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ, ಮುಂದಿನಿಂದ ರಿವರ್ಸಿಗೆ ಬದಲಿಸಿದಾಗ, ಎಲ್ಲವೂ ಒಟ್ಟಿಗೆ ಮುಚ್ಚಿಕೊಂಡು ಒಂದೇ ‘ಟಕ್’ ಆಗಿ ಕೇಳಿಸುತ್ತದೆ. ಪ್ರೊಪೆಲ್ಲರ್ ಶಾಫ್ಟು ಟೊಳ್ಳಾದ ಉಕ್ಕಿನ ಕೊಳವೆಯಾದುದರಿಂದ ಒಂದು ತುದಿಯ ಬಡಿತವನ್ನು ಅದು ಇನ್ನೊಂದು ತುದಿಯವರೆಗೂ ಒಯ್ಯುತ್ತದೆ. ಆದ್ದರಿಂದ ಸದ್ದು ಜೋರಾಗಿ ಕೇಳುವ ಜಾಗವೇ ಸವೆದ ಜಾಗವೆಂದು ನಂಬುವುದು ಹಳೆಯ ವಾಹನದ ಮಾಲೀಕರು ಮಾಡುವ ಮೊದಲ ತಪ್ಪು, ಅತ್ಯಂತ ದುಬಾರಿ ತಪ್ಪೂ ಹೌದು.

ಈ ಬರಹಕ್ಕೆ ಆಧಾರವಾದ ಪಿಕಪ್ಪು ಕೋಲಾರ ಸೀಮೆಯಲ್ಲಿ ಟೊಮೆಟೊ ಕ್ರೇಟುಗಳನ್ನು ಹೊತ್ತು 14 ವರ್ಷ ದುಡಿದದ್ದು. ಅದರಲ್ಲಿ ಸದ್ದು ಕಾಣಿಸಿಕೊಂಡಾಗ ಮೊದಲು ಶಾಫ್ಟಿನ ತುದಿಯ ಕ್ರಾಸ್ ಎಂಬ ಜಾಯಿಂಟು ಬದಲಾಯಿತು, ಸದ್ದು ನಿಲ್ಲಲಿಲ್ಲ. ಅದರ ಮೇಲೆ ಗಂಟೆಗೆ 50 ಕಿಲೋಮೀಟರ್ ದಾಟಿದೊಡನೆ ಹಿಂದೆಂದೂ ಇರದ ನಡುಕ ಶುರುವಾಯಿತು, ಅದಕ್ಕಾಗಿ ಶಾಫ್ಟನ್ನು ನಡುವೆ ಹೊರುವ ಸೆಂಟರ್ ಬೇರಿಂಗ್ ಬದಲಾಯಿತು, ನಡುಕವೂ ನಿಲ್ಲಲಿಲ್ಲ. ಕೊನೆಗೆ ಶಾಫ್ಟನ್ನು ಕೈಯಲ್ಲಿ ಹಿಡಿದು ಅತ್ತಿತ್ತ ತಿರುಗಿಸಿ ನೋಡಿ, ಕ್ರೌನ್–ಪಿನಿಯನ್ನೇ ಹೋಗಿದೆ, ಹೌಸಿಂಗ್ ಬಿಚ್ಚಬೇಕು ಎಂಬ ತೀರ್ಪು ಬಂತು. ಆ ತೀರ್ಪು ಏಕೆ ದುಡುಕಿನದೆಂಬುದನ್ನು ಒಂದು ಸಣ್ಣ ಲೆಕ್ಕ ತೋರಿಸಿಕೊಡುತ್ತದೆ.

ಕ್ರೌನಿನ ಹಲ್ಲುಗಳು ಪಿನಿಯನ್ನಿನ ಹಲ್ಲುಗಳ ನಾಲ್ಕರಷ್ಟಿವೆ ಎಂದುಕೊಂಡರೆ, ಚಕ್ರ ಒಂದು ಸುತ್ತು ಬರಲು ಶಾಫ್ಟು ನಾಲ್ಕು ಸುತ್ತು ಬರಬೇಕು. ಇದೇ ನಿಯಮ ಸಡಿಲಕ್ಕೂ ಅನ್ವಯಿಸುತ್ತದೆ: ಆಕ್ಸಲ್ಲಿನ ಸ್ಪ್ಲೈನ್‌ಗಳಲ್ಲಿ, ಅಂದರೆ ಒಂದು ಭಾಗ ಇನ್ನೊಂದರೊಳಗೆ ಕೂರುವ ಉದ್ದನೆಯ ಹಲ್ಲುಗಳಲ್ಲಿ, ಎರಡು ಡಿಗ್ರಿ ಸಡಿಲವಿದ್ದರೆ ಅದು ಶಾಫ್ಟಿನಲ್ಲಿ ಎಂಟು ಡಿಗ್ರಿಯಾಗಿ ಕಾಣುತ್ತದೆ. ಕ್ರೌನ್–ಪಿನಿಯನ್ ಹಲ್ಲುಗಳ ನಡುವೆ ಸಾಮಾನ್ಯವಾಗಿ ಇರಬೇಕಾದ ತೆರಪು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಿಂದ ಕಾಲು ಭಾಗದವರೆಗೆ. 10 ಸೆಂಟಿಮೀಟರ್ ತ್ರಿಜ್ಯದ ಕ್ರೌನಿನಲ್ಲಿ 0.2 ಮಿಲಿಮೀಟರ್ ತೆರಪು ಶಾಫ್ಟಿನ ಬಳಿ ಅರ್ಧ ಡಿಗ್ರಿಯಷ್ಟೂ ತೋರುವುದಿಲ್ಲ. ಹಾಗಾದರೆ ಕೈಗೆ ಸಿಗುವ ದೊಡ್ಡ ತಿರುಗಾಟದ ಬಹುಪಾಲು ಆಕ್ಸಲ್ ಸ್ಪ್ಲೈನ್‌ಗಳದ್ದು ಮತ್ತು ಎರಡು ಆಕ್ಸಲ್‌ಗಳಿಗೆ ಬಲ ಹಂಚುವ ಡಿಫರೆನ್ಶಿಯಲ್ಲಿನೊಳಗಿನ ಸಣ್ಣ ಗೇರುಗಳದ್ದು. ಹಳೆಯ ವಾಹನದಲ್ಲಿ ಅದರ ಒಂದು ಪಾಲು ಸಹಜವೇ. ಕ್ರೌನ್–ಪಿನಿಯನ್ ಹಾಳಾಗಿದ್ದರೆ ಬೇರೆ ಗುರುತುಗಳು ಇರುತ್ತವೆ: ವೇಗಕ್ಕೆ ತಕ್ಕಂತೆ ಏರುವ ಗೋಳಿಡುವ ದನಿ, ಪಿನಿಯನ್ ಸೀಲಿನಲ್ಲಿ ಎಣ್ಣೆ ಸೋರಿಕೆ, ಅಲ್ಲಿನ ಫ್ಲೇಂಜನ್ನು ಮೇಲೆ ಕೆಳಗೆ ಎತ್ತಿದಾಗ ಸಿಗುವ ಅಲುಗಾಟ, ಬಸಿದ ಎಣ್ಣೆಯಲ್ಲಿ ಲೋಹದ ಚೂರುಗಳು. ಬೆರಳಿಗೆ ಹತ್ತುವ ಬೂದುಬಣ್ಣದ ನುಣುಪಾದ ಪೇಸ್ಟಿಗೆ ಗಾಬರಿಯಾಗಬೇಕಿಲ್ಲ, ಉಗುರಿಗೆ ಸಿಗುವ ಚೂರಿಗೆ ಆಗಬೇಕು. ಕೋಲಾರದ ವಾಹನದಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ.

ಕ್ರಾಸಿನ ಪರೀಕ್ಷೆ ಇದಕ್ಕಿಂತ ಭಿನ್ನ. ಯೂರೋಪಿನಲ್ಲಿ ಈಗಲೂ 16ನೆಯ ಶತಮಾನದ ಇಟಲಿಯ ವಿದ್ವಾಂಸ ಕಾರ್ಡಾನೊ ಹೆಸರಿನಿಂದ ಕರೆಯಲಾಗುವ, 17ನೆಯ ಶತಮಾನದಲ್ಲಿ ರಾಬರ್ಟ್ ಹುಕ್ ವಿವರಿಸಿದ, 1903ರಲ್ಲಿ ಅಮೆರಿಕದ ಕ್ಲಾರೆನ್ಸ್ ಸ್ಪೈಸರ್ ಮೋಟಾರು ವಾಹನಕ್ಕೆ ಒಗ್ಗಿಸಿ ಪೇಟೆಂಟ್ ಪಡೆದ ಈ ಜಾಯಿಂಟಿನಲ್ಲಿ, ನಾಲ್ಕು ತೋಳಿನ ಒಂದು ಉಕ್ಕಿನ ಶಿಲುಬೆ ಎರಡು ಕವೆಗಳ ನಡುವೆ ಸೂಜಿಯಂತಹ ಸಣ್ಣ ರೋಲರುಗಳ ಬೇರಿಂಗಿನಲ್ಲಿ ಕೂತಿರುತ್ತದೆ. ಪರೀಕ್ಷಿಸುವವರು ಶಾಫ್ಟು ಎಷ್ಟು ತಿರುಗುತ್ತದೆ ಎಂದು ನೋಡದೆ, ಒಂದು ಕವೆಯನ್ನು ಎಡಗೈಯಲ್ಲಿ, ಇನ್ನೊಂದನ್ನು ಬಲಗೈಯಲ್ಲಿ ಹಿಡಿದು ವಿರುದ್ಧ ದಿಕ್ಕಿಗೆ ತಿರುಚಿ, ಎರಡು ಕವೆಗಳ ನಡುವೆಯೇ ಅಲುಗಾಟವಿದೆಯೇ ಎಂದು ಕಣ್ಣಿಟ್ಟು ನೋಡಬೇಕು. ಬೇರಿಂಗ್ ಕಪ್ಪಿನ ಅಂಚಿನಲ್ಲಿ ಕುಂಕುಮದಂತಹ ಕೆಂಪು ತುಕ್ಕಿನ ಪುಡಿ ಕಂಡರೆ ಒಳಗಿನ ಗ್ರೀಸು ಎಂದೋ ಒಣಗಿದೆ ಎಂದೇ ಅರ್ಥ. ಸಡಿಲವಾಗುವ ಮೊದಲು ಕ್ರಾಸು ಕಡಿಮೆ ವೇಗದಲ್ಲಿ ಹಕ್ಕಿಯಂತೆ ‘ಚಿಕ್ ಚಿಕ್’ ಎನ್ನುವುದೂ ಉಂಟು. ಆ ದನಿ ಚಕ್ರದ ಒಂದು ಸುತ್ತಿಗೆ ಒಂದಕ್ಕಿಂತ ಹೆಚ್ಚು ಸಲ ಕೇಳುವುದರಿಂದ ಅದು ಚಕ್ರದ್ದಲ್ಲ, ಶಾಫ್ಟಿನದೆಂದು ಬೇರ್ಪಡಿಸಬಹುದು. ಸೂಜಿಗಳು ಶಿಲುಬೆಯ ತೋಳಿನಲ್ಲಿ ಗೀರು ಕೊರೆದಿದ್ದರೆ ಮಾತ್ರ ಶಾಫ್ಟು ಕಳಚಿ, ಜಾಯಿಂಟನ್ನು ಬರಿಗೈಯಲ್ಲಿ ಬಾಗಿಸಿದಾಗ ನಡುವೆ ತಡೆದು ತಡೆದು ಹೋಗುವುದರಿಂದಲೇ ಅದು ತಿಳಿಯುತ್ತದೆ.

ಆ ವಾಹನದ ಹೊಸ ನಡುಕದ ಮೂಲವೂ ಇಲ್ಲೇ ಇತ್ತು. ಕೋನದಲ್ಲಿ ತಿರುಗುವ ಒಂಟಿ ಕ್ರಾಸು ಪ್ರತಿ ಸುತ್ತಿನಲ್ಲಿ ಎರಡು ಸಲ ಶಾಫ್ಟನ್ನು ವೇಗಗೊಳಿಸಿ ಎರಡು ಸಲ ನಿಧಾನಿಸುತ್ತದೆ. ಶಾಫ್ಟಿನ ಎರಡು ತುದಿಯ ಕವೆಗಳು ಒಂದೇ ಸಾಲಿನಲ್ಲಿದ್ದಾಗ ಮಾತ್ರ ಒಂದರ ಏರುಪೇರನ್ನು ಇನ್ನೊಂದು ಸರಿದೂಗಿಸುತ್ತದೆ. ಕ್ರಾಸ್ ಬದಲಿಸಿದಾಗ ಜಾರುವ ಸ್ಪ್ಲೈನ್ ಜಾಯಿಂಟನ್ನು ಗುರುತು ಹಾಕದೆ ಎಳೆದು, ಮತ್ತೆ ಸೇರಿಸುವಾಗ ಕೆಲವು ಹಲ್ಲು ಅತ್ತಿತ್ತ ಕೂರಿಸಿದ್ದರಿಂದ ಆ ಸಾಲು ತಪ್ಪಿತ್ತು. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್ ಇರುವ ಇಂತಹ ವಾಹನ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುವಾಗ ಶಾಫ್ಟು ನಿಮಿಷಕ್ಕೆ ಸುಮಾರು 1,900 ಸುತ್ತು ತಿರುಗುವುದರಿಂದ ಅಷ್ಟು ಸಣ್ಣ ತಪ್ಪೂ ಕ್ಯಾಬಿನ್ನಿನ ನೆಲದಲ್ಲಿ ನಡುಕವಾಗಿ ಮುಟ್ಟುತ್ತದೆ. ಕಳಚುವ ಮುನ್ನ ಎರಡೂ ಭಾಗಕ್ಕೆ ಅಡ್ಡಲಾಗಿ ಎಳೆದ ಒಂದು ಪೇಂಟಿನ ಗೆರೆ ಸೆಂಟರ್ ಬೇರಿಂಗಿನ ಖರ್ಚನ್ನು ಉಳಿಸುತ್ತಿತ್ತು.

ಇನ್ನು ಉಳಿದ ‘ಟಕ್’ ಸದ್ದು ಸಿಕ್ಕಿದ್ದು ತಿರುಗದ ಭಾಗಗಳಲ್ಲಿ. ಹಿಂದಿನ ಹೌಸಿಂಗನ್ನು ಲೀಫ್ ಸ್ಪ್ರಿಂಗ್ ಪಟ್ಟಿಗೆ ಬಿಗಿಯುವ ಯು ಬೋಲ್ಟುಗಳ ನಟ್ಟುಗಳು ಸಡಿಲವಾಗಿದ್ದವು. ಪಟ್ಟಿ ಕೂರುವ ಜಾಗದಲ್ಲಿ ಮಣ್ಣಿನ ನಡುವೆ ಉಜ್ಜಿ ಹೊಳಪಾದ ಬೆರಳಗಲದ ಪಟ್ಟೆಯೊಂದು ಕಾಣುತ್ತಿತ್ತು. ಬಲ ಬಂದಾಗಲೆಲ್ಲ ಹೌಸಿಂಗು ಕೊಂಚ ಹೊರಳಿ ಬಡಿಯುತ್ತಿತ್ತು. ಗೇರ್‌ಬಾಕ್ಸಿನ ಮೌಂಟಿಂಗ್ ರಬ್ಬರ್ ಲೋಹದಿಂದ ಅರ್ಧ ಬಿಟ್ಟುಕೊಂಡಿತ್ತು, ಸ್ಪ್ಲೈನ್ ಜಾಯಿಂಟು ಗ್ರೀಸಿಲ್ಲದೆ ಒಣಗಿತ್ತು. ಮೌಂಟಿಂಗ್ ನೋಡಲು ಬಾನೆಟ್ ತೆರೆದು, ಒಬ್ಬರು ಬ್ರೇಕ್ ಒತ್ತಿಹಿಡಿದು ಮೊದಲನೆಯ ಗೇರಿನಲ್ಲೂ ರಿವರ್ಸಿನಲ್ಲೂ ಕ್ಲಚ್ಚನ್ನು ಮೆಲ್ಲನೆ ಹಿಡಿತಕ್ಕೆ ತಂದರೆ ಇಂಜಿನ್ ಎಷ್ಟು ಏಳುತ್ತದೆಂದು ಪಕ್ಕದಿಂದಲೇ ಕಾಣುತ್ತದೆ. ಆ ಹೊತ್ತಿನಲ್ಲಿ ವಾಹನದ ಮುಂದೆಯಾಗಲಿ ಹಿಂದೆಯಾಗಲಿ ಯಾರೂ ನಿಲ್ಲಬಾರದು. ಗ್ರೀಸ್ ತುಂಬಿದ ಮೇಲೆ ಸದ್ದು ಕೆಲವು ದಿನ ಮಾಯವಾಗಿ ಮರಳಿದರೆ ಸ್ಪ್ಲೈನನ್ನು ಅನುಮಾನಿಸಬೇಕು, ಬಲ ಬದಲಾಗದೆ ಬರೀ ಗುಂಡಿಯಲ್ಲಿ ಸದ್ದು ಬಂದರೆ ಪಟ್ಟಿಯ ಬುಷ್‌ಗಳನ್ನು. ಯು ಬೋಲ್ಟ್ ಬಿಗಿದು, ರಬ್ಬರ್ ಬದಲಿಸಿ, ಕವೆಗಳನ್ನು ಸಾಲಿಗೆ ತಂದ ಮೇಲೆ ಆ ಪಿಕಪ್ಪು ಹೌಸಿಂಗ್ ಬಿಚ್ಚಿಸಿಕೊಳ್ಳದೆಯೇ ಕೆಲಸಕ್ಕೆ ಮರಳಿತು.

ಈ ಪರೀಕ್ಷೆಗಳನ್ನು ಸ್ವತಃ ಮಾಡಹೊರಡುವ ಓದುಗರಲ್ಲಿ ಒಂದು ವಿನಂತಿ: ಗೇರಿನಲ್ಲಿ ನಿಲ್ಲಿಸಿದ ವಾಹನವನ್ನು ತಡೆದು ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟೇ, ಅದನ್ನು ಕಳಚಿದ ಕ್ಷಣದಿಂದ ಗೇರಿಗೆ ಚಕ್ರದ ಮೇಲೆ ಯಾವ ಹಿಡಿತವೂ ಇರುವುದಿಲ್ಲ, ಹಿಂದಿನ ಚಕ್ರಗಳನ್ನು ಜಾಕಿನಿಂದ ಎತ್ತಿದರೆ ಅವುಗಳಿಗಷ್ಟೇ ಸೇರಿದ ಹ್ಯಾಂಡ್‌ಬ್ರೇಕೂ ಪ್ರಯೋಜನಕ್ಕೆ ಬಾರದು, ಆದ್ದರಿಂದ ಸಮತಟ್ಟಾದ ನೆಲದಲ್ಲಿ, ನೆಲದ ಮೇಲಿರುವ ಚಕ್ರಗಳ ಮುಂದಕ್ಕೂ ಹಿಂದಕ್ಕೂ ಕಲ್ಲು ಕೊಟ್ಟು, ಎತ್ತಿದ ಭಾಗದ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟಲ್ಲದೆ ಯಾರೂ ವಾಹನದ ಕೆಳಗೆ ಮಲಗಬಾರದು.