ಇರುಳು ಕಾಯುವವರ ನಿದ್ರೆ
ಪಾಠಭಾಗ: 1 ಅರಸುಗಳು 19:1–8

ಎಲೀಯನು ರಾಣಿಯಾದ ಈಜೆಬೆಲಳಿಗೆ ಹೆದರಿ ಅರಣ್ಯಕ್ಕೆ ಓಡಿಹೋಗಿ, ಒಂದು ಗಿಡದ ಕೆಳಗೆ ಕುಳಿತು, ತನಗೆ ಮರಣ ಬರಲೆಂದು ಬೇಡಿಕೊಂಡನೆಂದು ಈ ಭಾಗದಲ್ಲಿ ಓದುತ್ತೇವೆ. ಕರ್ತನು ಅವನನ್ನು ಗದರಿಸಲಿಲ್ಲ. ಅವನನ್ನು ನಿದ್ರಿಸಗೊಟ್ಟು, ದೂತನ ಕೈಯಿಂದ ರೊಟ್ಟಿಯನ್ನೂ ನೀರನ್ನೂ ಕೊಡಿಸಿ, ಪುನಃ ಮಲಗಗೊಟ್ಟನು. ಹೋರೇಬಿನ ಮಾತುಗಳು ಆಮೇಲೆ ಬಂದವು.

ನಮ್ಮ ಸಭೆಗಳ ಹೆಣ್ಣುಮಕ್ಕಳಲ್ಲಿ ಅನೇಕರು ಆಸ್ಪತ್ರೆಗಳಲ್ಲಿ ದಾದಿಯರಾಗಿದ್ದಾರೆ. ಇರುಳೆಲ್ಲಾ ರೋಗಿಗಳನ್ನು ಕಾದು ಮುಂಜಾನೆ ಮಲಗುವ ಇವರಿಗೆ ನಿದ್ರೆ ಸುಲಭವಾಗಿ ಹತ್ತದು. ಹಗಲಿನ ಬೆಳಕಿಗೆ ಎಚ್ಚರಗೊಳ್ಳುವಂತೆ ಸೃಷ್ಟಿಕರ್ತನು ದೇಹವನ್ನು ನಿರ್ಮಿಸಿದ್ದಾನೆ. ತಮ್ಮ ಕೈಯಲ್ಲಿ ಪ್ರಾಣಬಿಟ್ಟವರ ಮುಖವೂ ಕಣ್ಣು ಮುಚ್ಚಿದರೆ ಮರೆಯಾಗದು. 2020 ಮತ್ತು 2021ರಲ್ಲಿ ಕೋವಿಡ್ ವ್ಯಾಧಿಯು ಹಬ್ಬಿದಾಗ, ಬಂಧುಗಳಿಲ್ಲದೆ ಸಾಯುತ್ತಿದ್ದವರ ಬಳಿಯಲ್ಲಿ ನಿಂತವರು ಇಂಥವರೇ. ಪ್ರಾಯಸ್ಥರಿಗೆ ದಿನಕ್ಕೆ 7 ತಾಸಿನ ನಿದ್ರೆಯಾದರೂ ಬೇಕು; ನಿದ್ರೆಗೆಟ್ಟ ಕೈಯು ಔಷಧದ ಅಳತೆಯಲ್ಲಿ ತಪ್ಪೀತು, ನಿದ್ರೆಗೆಟ್ಟ ಮನಸ್ಸು ಕುಗ್ಗೀತು.

ಆದರೆ ನಾವು ಮಾಡುವುದೇನು? ಹಗಲು ಮಲಗಿದವಳನ್ನು ಸೋಮಾರಿಯೆನ್ನುತ್ತೇವೆ. ಅತ್ತರೆ, ವಿಶ್ವಾಸ ಸಾಲದೆನ್ನುತ್ತೇವೆ. ದೂತನು ಎಲೀಯನಿಗೆ ಹಾಗೆ ಹೇಳಲಿಲ್ಲ. ಆದುದರಿಂದ ಆಕೆಯ ಕೋಣೆಯ ಕಿಟಕಿಗೆ ದಪ್ಪ ಬಟ್ಟೆ ಕಟ್ಟೋಣ. ಜಗಲಿಯಲ್ಲಿ ಗದ್ದಲ ಮಾಡದಿರೋಣ. ಎದ್ದ ಮೇಲೆ ಬಿಸಿ ಗಂಜಿ ಕೊಟ್ಟು, ಆಕೆ ಹೇಳುವುದನ್ನು ತಾಳ್ಮೆಯಿಂದ ಕೇಳೋಣ. ವಾರಗಟ್ಟಲೆ ನಿದ್ರೆ ಬಾರದಿದ್ದರೆ, ಇಲ್ಲವೆ ಎಲೀಯನಂತೆ ಸಾಯುವ ಮಾತನ್ನಾಡಿದರೆ, ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯೋಣ; ಇದು ಅವಿಶ್ವಾಸವಲ್ಲ.

ಅಂದು ದೂತನ ಕೈಯಿಂದ ರೊಟ್ಟಿ ಕೊಡಿಸಿದ ಕರ್ತನು ಇಂದು ನಮ್ಮ ಕೈಗಳಿಂದ ಕೊಡಿಸಲಿ. ಆಮೆನ್.