ಶಿರಸ್ತ್ರಾಣವೂ ಮಿದುಳೂ

ಗಡಿಗೆಯಲ್ಲಿ ಹೆಪ್ಪುಗಟ್ಟಿದ ಮೊಸರನ್ನು ಹೊತ್ತು ಓಡುವವನು ಥಟ್ಟನೆ ನಿಂತರೆ ಏನಾಗುವುದು? ಗಡಿಗೆಗೆ ಏನೂ ಆಗದು. ಒಳಗಿನ ಮೊಸರು ಮಾತ್ರ ಅಲುಗಿ ಒಡೆಯುವುದು. ಗಡಿಗೆಯ ಸುತ್ತ ದಪ್ಪನೆಯ ಬಟ್ಟೆಯನ್ನು ಕಟ್ಟಿದರೂ ಈ ಪರಿಣಾಮವು ಪೂರ್ಣವಾಗಿ ತಪ್ಪದು. ಈ ಚಿಕ್ಕ ಸಂಗತಿಯನ್ನು ನೆನಪಿನಲ್ಲಿಟ್ಟುಕೊಂಡು, ಅಮೆರಿಕದ ಪ್ರಖ್ಯಾತ ಆಟಗಾರನೊಬ್ಬನ ಜೀವನವನ್ನು ನಾವು ಪರಿಶೀಲಿಸೋಣ.

ಆಟ ಮತ್ತು ಆಟಗಾರ

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಅದರಲ್ಲಿ ಚೆಂಡನ್ನು ಕೈಯಲ್ಲಿ ಹಿಡಿದು ಓಡುವುದೂ ಎಸೆಯುವುದೂ ಉಂಟು. ಪ್ರತಿ ತಂಡದಲ್ಲಿ ಏಕಕಾಲಕ್ಕೆ 11 ಜನರು ಕಣದಲ್ಲಿರುವರು. ಚೆಂಡುಳ್ಳ ತಂಡವು 4 ಯತ್ನಗಳೊಳಗೆ 10 ಗಜ ಮುಂದುವರಿಯಬೇಕು. ಎದುರು ತಂಡದ ರಕ್ಷಕರು ಚೆಂಡು ಹಿಡಿದವನನ್ನು ಕೆಡವಿ ಅದನ್ನು ತಡೆಯಬೇಕು. ರಕ್ಷಕರ ಮೊದಲ ಸಾಲಿನ ಹಿಂದೆ ನಿಂತು, ಎದುರಾಳಿಯ ಉದ್ದೇಶವನ್ನು ಊಹಿಸಿ, ಅವನ ಮೇಲೆ ಎರಗುವವನಿಗೆ ಲೈನ್‌ಬ್ಯಾಕರ್ ಎಂದು ಹೆಸರು. ಡಿಕ್ಕಿ ಹೊಡೆಯುವುದೇ ಅವನ ನಿತ್ಯದ ಕೆಲಸ.

ಜೂನಿಯರ್ ಸೇಯಾವ್ ಅಂಥ ಆಟಗಾರರಲ್ಲಿ ಅಗ್ರಗಣ್ಯನು. ಸಮೋವಾ ಮೂಲದ ಕುಟುಂಬದಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರದಲ್ಲಿ, 1969ರಲ್ಲಿ ಆತನು ಜನಿಸಿದನು. 1990ರಲ್ಲಿ ವೃತ್ತಿನಿರತ ತಂಡಗಳು ಹೊಸ ಆಟಗಾರರನ್ನು ಆರಿಸಿಕೊಂಡಾಗ, ಅವನ ಊರಿನದೇ ಆದ ಚಾರ್ಜರ್ಸ್ ತಂಡವು ಐದನೆಯ ಸರದಿಯಲ್ಲಿ ಅವನನ್ನು ಆರಿಸಿಕೊಂಡಿತು. ಅಲ್ಲಿ 13 ಋತುಗಳನ್ನು ಕಳೆದು, ಅನಂತರ ಮಯಾಮಿ ಡಾಲ್ಫಿನ್ಸ್ ಮತ್ತು ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡಗಳಲ್ಲಿ ಆಡಿದನು. ಬಹುಮಂದಿ ಆಟಗಾರರ ವೃತ್ತಿಜೀವನವು ಕೆಲವೇ ವರ್ಷಗಳಲ್ಲಿ ಮುಗಿದುಹೋಗುವ ಈ ಆಟದಲ್ಲಿ ಆತನು 2009ರವರೆಗೆ 20 ಋತುಗಳು ನಿಂತನು. 268 ಪಂದ್ಯಗಳನ್ನಾಡಿ 1500ಕ್ಕೂ ಹೆಚ್ಚು ಸಲ ಎದುರಾಳಿಗಳನ್ನು ಕೆಡವಿದನು. ಸತತವಾಗಿ 12 ವರ್ಷ ಶ್ರೇಷ್ಠ ಆಟಗಾರರ ಪಂದ್ಯಕ್ಕೆ ಆಯ್ಕೆಯಾದನು. ಸೂಪರ್ ಬೌಲ್ ಎಂಬ ಅಂತಿಮ ಪಂದ್ಯವನ್ನು ಎರಡು ಬಾರಿ ಆಡಿದರೂ ವಿಜಯವು ಮಾತ್ರ ಅವನಿಗೆ ಒಲಿಯಲಿಲ್ಲ.

ಒಂದು ಡಿಕ್ಕಿಯ ಲೆಕ್ಕ

ಸೇಯಾವ್‌ನ ತೂಕವು ಸುಮಾರು 113 ಕಿಲೋಗ್ರಾಂ. ಇಷ್ಟು ತೂಕದ ರಕ್ಷಕನೊಬ್ಬನು ಸೆಕೆಂಡಿಗೆ 5 ಮೀಟರು ವೇಗದಿಂದ ಓಡಿಬಂದು, ಡಿಕ್ಕಿಯಿಂದ ಸೆಕೆಂಡಿನ ಐದನೆಯ ಒಂದು ಭಾಗದಲ್ಲಿ ನಿಂತನೆಂದು ಭಾವಿಸೋಣ. ನ್ಯೂಟನ್ನನ ಎರಡನೆಯ ನಿಯಮದಂತೆ ಅವನ ಮೇಲೆ ವರ್ತಿಸಿದ ಸರಾಸರಿ ಬಲವು 113 × 5 ÷ 0.2, ಎಂದರೆ 2825 ನ್ಯೂಟನ್. ಅವನ ತೂಕದ ಸುಮಾರು ಎರಡೂವರೆಯಷ್ಟು.

ಇದು ಇಡೀ ದೇಹದ ಮಾತು. ತಲೆಗೆ ತಲೆ ನೇರವಾಗಿ ತಾಗಿದರೆ ನಿಲ್ಲುವ ಕಾಲವು ಇನ್ನೂ ಅಲ್ಪವಾಗುವುದು. ಅದೇ ವೇಗವು ಸೆಕೆಂಡಿನ ಸಾವಿರದಲ್ಲಿ 15 ಭಾಗದೊಳಗೆ ಅಳಿದರೆ, ತಲೆಯ ವೇಗವು ತಗ್ಗುವ ಪ್ರಮಾಣವು ಭೂಮಿಯ ಗುರುತ್ವ ವೇಗೋತ್ಕರ್ಷದ ಸುಮಾರು 34ರಷ್ಟಾಗುವುದು. ಮನುಷ್ಯನ ಮಿದುಳಿನ ತೂಕವು ಹೆಚ್ಚುಕಡಿಮೆ 1.4 ಕಿಲೋಗ್ರಾಂ. ಆ ಕ್ಷಣದಲ್ಲಿ ಅದನ್ನು ತಡೆದು ನಿಲ್ಲಿಸಲು ಬೇಕಾಗುವ ಬಲವು ಸುಮಾರು 48 ಕಿಲೋಗ್ರಾಂ ಭಾರಕ್ಕೆ ಸಮ!

ಶಿರಸ್ತ್ರಾಣದ ಕೆಲಸವೇನು? ಪೆಟ್ಟನ್ನು ವಿಶಾಲವಾದ ಪ್ರದೇಶಕ್ಕೆ ಹಂಚುವುದು. ತನ್ನ ಮೆತ್ತೆಯ ಮೂಲಕ ನಿಲ್ಲುವ ಕಾಲವನ್ನು ತುಸು ಹೆಚ್ಚಿಸುವುದು. ಇದರಿಂದ ತಲೆಬುರುಡೆ ಒಡೆಯುವ ಅಪಾಯವು ಬಹುಮಟ್ಟಿಗೆ ತಪ್ಪಿತು. ಆದರೆ ಬುರುಡೆಯೊಳಗೆ ದ್ರವದಲ್ಲಿ ತೇಲುವ ಮೃದುವಾದ ಮಿದುಳಿಗೆ ತನ್ನದೇ ಆದ ಜಡತ್ವವುಂಟು. ಬುರುಡೆ ನಿಂತರೂ ಮಿದುಳು ಮುಂದೆ ಸಾಗಲೆಳಸುವುದು. ತಲೆಯು ಥಟ್ಟನೆ ತಿರುಗಿದಾಗಲಂತೂ ಮಿದುಳಿನ ಒಳಪದರಗಳು ಒಂದರ ಮೇಲೊಂದು ಜಾರಿ, ನರಕೋಶಗಳ ನೀಳವಾದ ತಂತುಗಳು ಜಗ್ಗುವುವು. ಗಡಿಗೆ ಉಳಿಯಿತು, ಮೊಸರು ಅಲುಗಿತು.

ಮಿದುಳಿನಲ್ಲಿ ಕಂಡದ್ದು

2012ರ ಮೇ 2ರಂದು, 43ನೆಯ ವಯಸ್ಸಿನಲ್ಲಿ, ಸೇಯಾವ್ ಆತ್ಮಹತ್ಯೆಯಿಂದ ತೀರಿಕೊಂಡನು. ಕೊನೆಯ ವರ್ಷಗಳಲ್ಲಿ ಅವನಲ್ಲಿ ಮನಸ್ಸಿನ ಏರುಪೇರು, ಮರೆವು, ನಿದ್ರಾಹೀನತೆಗಳು ಕಾಣಿಸಿಕೊಂಡಿದ್ದುವೆಂದು ಮನೆಯವರು ತಿಳಿಸಿದರು. ಅವರು ಅವನ ಮಿದುಳನ್ನು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಒಪ್ಪಿಸಿದರು. ಅದು ಯಾರದೆಂದು ತಿಳಿಯದಂತೆ ಏರ್ಪಡಿಸಿ, ಹಲವು ತಜ್ಞರಿಂದ ಬೇರೆ ಬೇರೆಯಾಗಿ ಪರೀಕ್ಷೆ ಮಾಡಿಸಲಾಯಿತು. 2013ರ ಜನವರಿಯಲ್ಲಿ ಫಲಿತಾಂಶವು ಹೊರಬಿದ್ದಿತು: ಮಿದುಳಿನ ಅನೇಕ ಭಾಗಗಳಲ್ಲಿ ಟೌ ಎಂಬ ಪ್ರೋಟೀನು ಅಸಹಜವಾಗಿ ಗಂಟುಕಟ್ಟಿತ್ತು. ನರಕೋಶದೊಳಗಿನ ಸಾಗಾಣಿಕೆಯ ನಾಳಗಳನ್ನು ಭದ್ರವಾಗಿಡುವ ವಸ್ತುವೇ ಈ ಟೌ. ಅದು ಕೆಟ್ಟು ಗಂಟಾದರೆ ಕೋಶವು ಕ್ರಮೇಣ ನಶಿಸುವುದು.

ಈ ರೋಗಕ್ಕೆ ಕ್ರಾನಿಕ್ ಟ್ರೌಮ್ಯಾಟಿಕ್ ಎನ್ಸೆಫಲಾಪತಿ, ಸಂಕ್ಷೇಪವಾಗಿ ಸಿ.ಟಿ.ಇ., ಎಂದು ಹೆಸರು. ಮುಷ್ಟಿಯುದ್ಧದ ಜಟ್ಟಿಗಳಲ್ಲಿ ಪೆಟ್ಟುಗಳಿಂದ ಉಂಟಾಗುವ ಅಮಲಿನಂಥ ಸ್ಥಿತಿಯನ್ನು ಹ್ಯಾರಿಸನ್ ಮಾರ್ಟ್‌ಲಂಡ್ ಎಂಬ ವೈದ್ಯನು 1928ರಲ್ಲಿಯೇ ವರ್ಣಿಸಿದ್ದನು. ಫುಟ್‌ಬಾಲ್ ಆಟಗಾರನೊಬ್ಬನ ಮಿದುಳಿನಲ್ಲಿ ಸಿ.ಟಿ.ಇ.ಯನ್ನು ಕಂಡ ವರದಿಯನ್ನು ಬೆನೆಟ್ ಒಮಾಲು ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದರು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಪ್ರಜ್ಞೆಯನ್ನು ಕದಡುವಂಥ ಪೆಟ್ಟು, ಎಂದರೆ ಕಂಕಷನ್, ಸೇಯಾವ್‌ಗೆ ತಗುಲಿತೆಂದು ತಂಡಗಳ ವರದಿಗಳಲ್ಲಿ ಒಮ್ಮೆಯೂ ದಾಖಲಾಗಿರಲಿಲ್ಲ. ವರದಿಯಾಗದ ಪೆಟ್ಟುಗಳಿದ್ದಿರಬಹುದು. ಆದರೆ ಈಚಿನ ಸಂಶೋಧನೆಗಳು ತೋರಿಸುವುದೇನೆಂದರೆ, ಕಂಕಷನ್ನುಗಳ ಸಂಖ್ಯೆಗಿಂತಲೂ ವರ್ಷಾನುಗಟ್ಟಲೆ ತಗುಲಿದ ಎಲ್ಲ ಪೆಟ್ಟುಗಳ ಒಟ್ಟು ಮೊತ್ತವೇ ಈ ರೋಗಕ್ಕೆ ಹೆಚ್ಚು ಸಂಬಂಧಿಸಿದೆ. ಆಟಗಾರನು ಎದ್ದು ನಿಂತು ಮರೆತುಬಿಟ್ಟ ಸಣ್ಣ ಪೆಟ್ಟನ್ನೂ ಮಿದುಳು ತನ್ನ ಲೆಕ್ಕಕ್ಕೆ ಬರೆದುಕೊಳ್ಳುವುದು.

ಎಚ್ಚರದ ಮಾತು

ಬಾಸ್ಟನ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 2017ರಲ್ಲಿ, ಮೃತರಾದ 111 ವೃತ್ತಿಪರ ಆಟಗಾರರ ಮಿದುಳುಗಳಲ್ಲಿ 110ರಲ್ಲಿ ಈ ರೋಗವನ್ನು ಕಂಡುದಾಗಿ ಪ್ರಕಟಿಸಿದರು. ಹಾಗಾದರೆ ಆಡಿದವರೆಲ್ಲರೂ ರೋಗಿಗಳೇ? ಹಾಗೆ ನಿರ್ಣಯಿಸುವುದು ತಪ್ಪು. ಬದುಕಿರುವಾಗ ರೋಗಲಕ್ಷಣಗಳಿದ್ದವರ ಮನೆಯವರೇ ಹೆಚ್ಚಾಗಿ ಮಿದುಳುಗಳನ್ನು ದಾನ ಮಾಡುವರು. ಆಸ್ಪತ್ರೆಯಲ್ಲಿ ನಿಂತು ಎಣಿಸಿದರೆ ಊರೆಲ್ಲವೂ ರೋಗಗ್ರಸ್ತವಾಗಿ ಕಾಣುವುದಲ್ಲವೆ? ಅಂತೆಯೇ, ಸೇಯಾವ್‌ನ ಮರಣಕ್ಕೆ ಈ ರೋಗವೊಂದೇ ಕಾರಣವೆಂದೂ ಹೇಳಲಾಗದು. ಮನಸ್ಸಿನ ಸಂಕಟಕ್ಕೆ ಬಹು ಕಾರಣಗಳುಂಟು. ಸಕಾಲದಲ್ಲಿ ಆಪ್ತರಿಗೂ ವೈದ್ಯರಿಗೂ ಹೇಳಿಕೊಂಡರೆ ಅದಕ್ಕೆ ಪರಿಹಾರವೂ ಉಂಟು. ಸಿ.ಟಿ.ಇ. ರೋಗವನ್ನಾದರೋ ಮರಣಾನಂತರವಲ್ಲದೆ ಖಚಿತವಾಗಿ ಗುರುತಿಸುವ ಉಪಾಯವು ಇನ್ನೂ ನಮ್ಮ ಕೈಗೆ ಬಂದಿಲ್ಲ.

2015ರಲ್ಲಿ ಸೇಯಾವ್‌ನ ಹೆಸರು ಆ ಆಟದ ಕೀರ್ತಿಮಂದಿರವನ್ನು ಸೇರಿತು. 2018ರಲ್ಲಿ, ತಲೆಯನ್ನು ತಗ್ಗಿಸಿ ಶಿರಸ್ತ್ರಾಣದಿಂದ ಗುದ್ದುವುದನ್ನು ನಿಯಮವು ನಿಷೇಧಿಸಿತು. ಎಷ್ಟು ಜನರನ್ನು ಕೆಡವಿದನೆಂಬ ಎಣಿಕೆಯು ಪುಸ್ತಕಗಳಲ್ಲಿದೆ. ಆ ಪ್ರತಿಯೊಂದು ಡಿಕ್ಕಿಯಲ್ಲಿ ಕೆಡವಿದವನ ತಲೆಗೆ ತಗುಲಿದ್ದೆಷ್ಟು ಎಂಬುದನ್ನು ಯಾರೂ ಎಣಿಸಲಿಲ್ಲ. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಉಂಟೆಂಬ ನ್ಯೂಟನ್ನನ ಮೂರನೆಯ ನಿಯಮವನ್ನು ನಾವು ಶಾಲೆಯಲ್ಲಿ ಬಾಯಿಪಾಠ ಮಾಡುತ್ತೇವೆ. ಆಟದಲ್ಲಿ ತಲೆಗೆ ಪೆಟ್ಟು ತಗುಲಿದ ಗೆಳೆಯನು "ಏನೂ ಆಗಿಲ್ಲ" ಎಂದು ಮತ್ತೆ ಕಣಕ್ಕಿಳಿಯಹೊರಟಾಗ, ಅದನ್ನು ನೆನೆದು ಅವನನ್ನು ಆ ದಿನಕ್ಕೆ ಕೂರಿಸಿ ವೈದ್ಯರಿಗೆ ತೋರಿಸಿದರೆ, ನಾವು ಕಲಿತ ಪಾಠವು ಸಾರ್ಥಕವಾಗುವುದು.