ಪುಸ್ತಕ ನಿಷೇಧ ಕುರಿತ ಸಭೆಗೆ ಬ್ಯಾನರ್ ಮಾಡುತ್ತಾ ಕಲಿತದ್ದು

1. ಬಾಯಿಗೆ ಬೀಗ ಹಾಕಿದ ಚಿತ್ರ ಬೇಡ

ಕೊಪ್ಪಳ ಬಳಿಯ ಗಿಣಿಗೇರಾದ ಓದುಗ ಗೆಳೆಯರು ಸಾಹಿತ್ಯದ ಸೆನ್ಸಾರ್‌ ಕುರಿತ ಸಭೆಗೆ ಪ್ರಚಾರದ ವಿನ್ಯಾಸ ಮಾಡಿಕೊಡಲು ಹೇಳಿದಾಗ ಕೆಂಪು ಹಿನ್ನೆಲೆ, ಸರಪಳಿ, ಬೀಗ ಬಿದ್ದ ಬಾಯಿ ಇಟ್ಟೆ. ಇದು ಕಾರ್ಖಾನೆಗಳ ಊರು. ಪಾಳಿ ಮುಗಿಸಿ ಬಂದವರು, "ಯಾವ ಫ್ಯಾಕ್ಟ್ರಿಯಾಗ ಸ್ಟ್ರೈಕ್ ಐತ್ರಿ?" ಎಂದರು. ಪುಸ್ತಕದ ಸುಳಿವೇ ಅದರಲ್ಲಿ ಇರಲಿಲ್ಲ. ಮುಂದಿನ ಸಲ ಪುಸ್ತಕದ ಹೆಸರು, ಬರೆದವರ ಹೆಸರು, ಇಸವಿ ಇಷ್ಟನ್ನೇ ದೊಡ್ಡದಾಗಿ ಹಾಕಿದೆ.

2. ನಮಗೆ ಒಗ್ಗದ ತೀರ್ಪನ್ನೂ ಅಚ್ಚು ಹಾಕಬೇಕು

ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಯನ್ನು ರಾಜ್ಯ ಸರ್ಕಾರ 1997ರಲ್ಲಿ ಮುಟ್ಟುಗೋಲು ಹಾಕಿಕೊಂಡಿತು. 2007ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ಎತ್ತಿಹಿಡಿಯಿತು. ಈ ಎರಡನೆಯ ಮಾತನ್ನು ನಾನು ಕರಡಿನಲ್ಲಿ ಬಿಟ್ಟಿದ್ದೆ. ತಮಿಳು ಲೇಖಕ ಪೆರುಮಾಳ್ ಮುರುಗನ್ ಪರವಾಗಿ ಮದ್ರಾಸ್ ಹೈಕೋರ್ಟ್ 2016ರಲ್ಲಿ ಕೊಟ್ಟ ತೀರ್ಪನ್ನು ಮಾತ್ರ ಮೆರೆಸಿದ್ದೆ. ಕರಡು ನೋಡಿದ ಹಿರಿಯ ವಕೀಲರೊಬ್ಬರು, "ಕತ್ತರಿ ನಿಮ್ಮ ಕೈಯಾಗೂ ಐತಲ್ಲ" ಎಂದರು. ಆ ಮಾತು ಇಂದಿಗೂ ಚುಚ್ಚುತ್ತದೆ. ಈಗ ಎರಡೂ ತೀರ್ಪುಗಳು ಅಕ್ಕಪಕ್ಕ, ಒಂದೇ ಅಳತೆಯ ಅಕ್ಷರದಲ್ಲಿ ಇರುತ್ತವೆ. ಸಂಶೋಧಕ ಎಂ.ಎಂ. ಕಲಬುರ್ಗಿಯವರ 'ಮಾರ್ಗ' ಪುಸ್ತಕದ ಪ್ರಸಂಗಕ್ಕೆ ಬೇರೆಯೇ ಫಲಕ: ಒತ್ತಡಕ್ಕೆ ಸಿಕ್ಕಿದ ಲೇಖಕರೇ 1989ರಲ್ಲಿ ಬರೆದದ್ದನ್ನು ಹಿಂತೆಗೆದುಕೊಂಡದ್ದು ಸರ್ಕಾರಿ ನಿಷೇಧವಲ್ಲ. ಹಾಗಂತ ಅದು ಸಣ್ಣ ಸಂಗತಿಯೂ ಅಲ್ಲ.

3. ನೊಂದವರಿಗೂ ಕುರ್ಚಿ ಇರಬೇಕು

'ಧರ್ಮಕಾರಣ'ದ ಜಗಳ ಎದ್ದದ್ದು ಬಸವಣ್ಣನ ಅಕ್ಕ ನಾಗಮ್ಮನ ಚಿತ್ರಣದ ಸುತ್ತ. ನಮ್ಮ ಸೀಮೆಯಲ್ಲಿ ವಚನ ಹೇಳಿಕೊಂಡೇ ದಿನ ಶುರುಮಾಡುವ ಮನೆಗಳಿವೆ. ಕರಡಿನಲ್ಲಿದ್ದ "ಕುರುಡು ಭಕ್ತಿ" ಎಂಬ ಮಾತನ್ನು ತೆಗೆದೆ. ಒಪ್ಪಿದವರನ್ನೇ ಒಪ್ಪಿಸುವ ಬ್ಯಾನರ್ ಕಟ್ಟಿ ಏನು ಪ್ರಯೋಜನ? "ನಿಮ್ಮ ತಕರಾರನ್ನೂ ತನ್ನಿ" ಎಂದು ಬರೆದೆವು. ಕೆಲವರು ತಂದರು, ಮಾತು ಬಿಸಿಯಾಯಿತು, ಯಾರೂ ಎದ್ದು ಹೋಗಲಿಲ್ಲ.

4. ಊರಿನ ನೆನಪನ್ನು ಮುಂದಿಡಿ

ಬೆಂಗಳೂರು, ದೆಹಲಿಯ ಕಥೆ ಎಂದರೆ ಜನ ದೂರ ನಿಲ್ಲುತ್ತಾರೆ. ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ಸಾಲಾರ್‌ಜಂಗರ ಜಾಗೀರಾಗಿತ್ತು. ಗಸ್ತಿ ನಿಶಾನ್ 53 ಎಂಬ ಸುತ್ತೋಲೆ ಇದ್ದ ಕಾಲದಲ್ಲಿ ಅಪ್ಪಣೆಯಿಲ್ಲದೆ ಸಭೆ ಸೇರುವಂತಿರಲಿಲ್ಲ. ಈ ಸಂಗತಿಯನ್ನು ಕರಪತ್ರದ ಮೊದಲ ಸಾಲಿಗೆ ತಂದ ಮೇಲೆ ವಯಸ್ಸಾದವರು ನಿಂತು ಓದತೊಡಗಿದರು, ತಮ್ಮ ತಂದೆಯವರ ಕಾಲದ ಮಾತು ತೆಗೆದರು.

5. ಬಿಳಿ ಬಟ್ಟೆ ಇಲ್ಲಿ ತಾಳುವುದಿಲ್ಲ

ಕಾರ್ಖಾನೆ ಧೂಳಿಗೆ ಬಿಳಿ ಬ್ಯಾನರ್ ಬೇಗ ಮಸುಕಾಗುತ್ತದೆ. ಕಡುನೀಲಿ ಬಟ್ಟೆ, ಹಳದಿ ಅಕ್ಷರ, ಪಾಳಿ ಬದಲಾಗುವ ಹೊತ್ತಿಗೆ ಕಣ್ಣಿಗೆ ಬೀಳುವ ಜಾಗ. ದಿನಾಂಕ ಎಲ್ಲಕ್ಕಿಂತ ದೊಡ್ಡದಿರಲಿ.